ಬಿಸಿಲುಗೋಡೆಯ ಬುಡದಲ್ಲಿ

ಶುಕ್ರವಾರ, ಬೆಳಿಗ್ಗೆ
ಹಿತ್ತಲ ಮೆಟ್ಟಿಲ ಮೇಲೆ ಕೂತು

ಅಮ್ಮಾ,

ಹಿತ್ತಲಿಗೆ ಸಿಮೆಂಟು ಹಾಕಿಸುವುದು ಕೊಲೆ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟಿದ್ದೇನೆ, ಏಕೆಂದರೆ ಕ್ಷೇಮಸಮಾಚಾರದಿಂದ ಶುರುಮಾಡಿದರೆ ನೀನು ಅಷ್ಟನ್ನೇ ಓದಿ, ಕಾಗದ ಮಡಚಿ ದಿಂಬಿನ ಕೆಳಗೆ ಇಟ್ಟುಬಿಡುತ್ತೀಯ. ನಾನು ಕ್ಷೇಮವಾಗಿಯೇ ಇದ್ದೇನೆ. ಕ್ಷೇಮವಾಗಿಲ್ಲದಿರುವುದು ಹಿತ್ತಲಿನ ಇಟ್ಟಿಗೆ ಗೋಡೆಯ ಬುಡದಲ್ಲಿ, ಮಣ್ಣಿನೊಳಗೆ, ಒಂದು ಗೇಣೂ ಇಲ್ಲದ ಆಳದಲ್ಲಿದೆ. ಅಲ್ಲಿ ಹೆಂಚಮ್ಮನ ಮೊಟ್ಟೆಗಳಿವೆ. ಬೇಸಿಗೆಯ ಶುರುವಿನಲ್ಲಿ ಇಟ್ಟವು. ಅವು ಸತ್ತಿಲ್ಲ. ನೀನು ಹೇಳಿಹೋದ ಮೇಸ್ತ್ರಿ ಸೋಮವಾರ ಬೆಳಿಗ್ಗೆ ಬಂದು ಅವುಗಳ ಮೇಲೆ ಕಾಂಕ್ರೀಟು ಸುರಿಯುತ್ತಾನೆ.

ನಿನಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದೆ ಹೇಳಿದ್ದನ್ನು ಕೊಲೆ ಅನ್ನುತ್ತಾರೇನೇ ಎಂದು ಕೇಳುತ್ತೀಯ. ಈ ಕಾಗದ ನಿನ್ನ ಕೈ ಸೇರುವವರೆಗೆ ಅನ್ನಬಾರದು. ಸೇರಿದ ಮೇಲೂ ನೀನು ಸುಮ್ಮನಿದ್ದರೆ ಅನ್ನಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಪ್ರತಿ ಸಲವೂ ದೊಡ್ಡಮ್ಮನೇ ಎತ್ತುತ್ತಾಳೆ. "ನಿಮ್ಮಮ್ಮ ಮಲಗಿದಾಳೆ ಕಣೇ, ಆಮೇಲೆ ಮಾಡು" ಅನ್ನುತ್ತಾಳೆ. ಬೆಳಿಗ್ಗೆ ಮಾಡಿದರೂ ಮಲಗಿದ್ದೀಯ, ಮಧ್ಯಾಹ್ನ ಮಾಡಿದರೂ ಮಲಗಿದ್ದೀಯ. ಕೋಳಿಮರಿ ಮಾಡಿಸುವ ಹ್ಯಾಚರಿಯ ಮೊದಲ ಪಾಳಿಗೆಂದು ಇಷ್ಟು ವರ್ಷ ಅಲ್ಲಿನ ಕೋಳಿಗಳಿಗಿಂತ ಮುಂಚೆ ಎದ್ದವಳು ಅಕ್ಕನ ಮನೆಗೆ ಹೋದ ಕೂಡಲೇ ಇಷ್ಟೊಂದು ನಿದ್ದೆ ಕಲಿತೆಯಾ? ಮೊನ್ನೆ ಹಿಂದಿನಿಂದ ನಿನ್ನ ದನಿ ಕೇಳಿತು: "ಇಲ್ಲ ಅಂತ ಹೇಳಕ್ಕಾ." ನಿದ್ದೆಯಲ್ಲಿ ಯಾರೂ ಇಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ. ಆದ್ದರಿಂದ ಕಾಗದ. ಅಂಚೆಗೆ ಹಾಕಿದರೆ ಮೇಸ್ತ್ರಿಯ ಕೆಲಸ ಮುಗಿದ ಮೇಲೆ ಬಂದು ತಲುಪುತ್ತದೆ. ಸಂಜೆಯ ಬಸ್ಸಿನ ಕಂಡಕ್ಟರ್ ನಮ್ಮ ಲಾಂಡ್ರಿಯ ಗಿರಾಕಿ. ನಿನ್ನೆ ಇಸ್ತ್ರಿ ಮಾಡಿ ಮನೆಗೆ ತಂದಿಟ್ಟ ಅವನ ಕೋಟಿನ ಜೊತೆ ಇದನ್ನೂ ಅವನ ಕೈಗೆ ಕೊಡುತ್ತೇನೆ. ಇವತ್ತೇ ತಲುಪಿಸುತ್ತೇನೆ ಎಂದು ಮಾತು ಕೊಟ್ಟಿದ್ದಾನೆ.

ಹೋದ ವರ್ಷದ ಮಾತು ಎತ್ತದೆ ಈ ವರ್ಷದ್ದನ್ನು ಹೇಳಲು ಬರುವುದಿಲ್ಲ. ಹಲ್ಲು ಕಚ್ಚಿಕೊಂಡು ಓದು.

ಅಪ್ಪ ಹಡಗಿನ ಅಡುಗೆ ಕೆಲಸ ಬಿಟ್ಟು ಮನೆಗೆ ಬಂದಾಗ ಯಾವುದೋ ಬಿಸಿಲಿನ ದೇಶದಿಂದ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿ ಆಮೆ ತಂದಿದ್ದ. ಬೆನ್ನ ಮೇಲೆ ಹೆಂಚು ಹೊದಿಸಿದಂತಿದ್ದ ಹೆಣ್ಣಿಗೆ ಹೆಂಚಮ್ಮ ಎಂದೂ, ಬಕೆಟ್ಟು, ಬಾಗಿಲು, ನಮ್ಮ ಕಾಲು, ಕಂಡದ್ದನ್ನೆಲ್ಲ ಗುದ್ದುವ ಗಂಡಿಗೆ ಗುದ್ದಪ್ಪ ಎಂದೂ ಹೆಸರಿಟ್ಟವಳು ನೀನು. ಹೆಂಚಮ್ಮ ವರ್ಷವರ್ಷವೂ ಮೊಟ್ಟೆಯಿಡುತ್ತಿದ್ದಳು, ಅವು ಮಣ್ಣಿನಲ್ಲೇ ಹಾಳಾಗುತ್ತಿದ್ದವು. "ಈ ಊರಿನ ಬಿಸಿಲು ಬಿಸಿಲೇ ಅಲ್ಲ, ಬರೀ ಬೆಳಕು. ಇಲ್ಲಿ ಇವು ಮರಿಯಾಗಲ್ಲ ಬಿಡು" ಎಂದು ಅಪ್ಪ ಅನ್ನುತ್ತಿದ್ದ. ಅಂದವನು ಸುಮ್ಮನಿರುತ್ತಿರಲಿಲ್ಲ, ಮರುದಿನ ಮತ್ತೆ ಹೋಗಿ ಬಗ್ಗಿ ನೋಡುತ್ತಿದ್ದ.

ಅಪ್ಪ ತೀರಿಹೋದ ಮೇಲಿನ ಮೊದಲ ಬೇಸಿಗೆಯಲ್ಲಿ ನೀನು ಆ ಮೊಟ್ಟೆಗಳನ್ನು ಅಗೆದು ತೆಗೆದೆ. ನನ್ನನ್ನು ಕೇಳಲಿಲ್ಲ. ಊಟದ ಡಬ್ಬಿಯಲ್ಲಿ ಹತ್ತಿ ಹಾಸಿ ಅದರೊಳಗಿಟ್ಟು ಹ್ಯಾಚರಿಗೆ ಒಯ್ದೆ. ಸೂಪರ್‌ವೈಸರ್‌ನ ಕಣ್ಣು ತಪ್ಪಿಸಿ ಕೋಳಿಮೊಟ್ಟೆಯ ಟ್ರೇ ಮೂಲೆಯಲ್ಲಿ ಸೇರಿಸಿದೆ. ಆ ಮಶೀನು ಗಂಟೆಗೊಮ್ಮೆ ಟ್ರೇಗಳನ್ನು ಓರೆ ಮಾಡುತ್ತದೆ. ಅದು ಸಾಲದೆಂದು ನೀನು ಕೈಯಾರೆ ಬೇರೆ ತಿರುಗಿಸಿದೆ. ಕೋಳಿಯೂ ಕೊಕ್ಕಿನಿಂದ ಹಾಗೆಯೇ ತಿರುಗಿಸುತ್ತಿರುತ್ತದೆ, ಇಲ್ಲದಿದ್ದರೆ ಮರಿ ಚಿಪ್ಪಿಗೆ ಅಂಟಿಕೊಂಡು ಸಾಯುತ್ತದೆ; ಇದು ನಿನ್ನ ಕಸುಬು, ನಿನ್ನ ಬೆರಳುಗಳಿಗೆ ಬೇರೆ ಅಭ್ಯಾಸವೇ ಇಲ್ಲ. ಆಮೆಯದು ಇದಕ್ಕೆ ತದ್ವಿರುದ್ಧ. ಅದರ ಮರಿ ಮೊಟ್ಟೆಯ ಮೇಲ್ಭಾಗಕ್ಕೆ ಅಂಟಿಕೊಂಡೇ ಬೆಳೆಯಬೇಕು. ಇಟ್ಟ ಮಗ್ಗುಲಲ್ಲೇ ಕೊನೆಯವರೆಗೆ ಇರಬೇಕು. ತಿರುಗಿಸಿದರೆ ಒಳಗೇ ಮುಳುಗಿಹೋಗುತ್ತದೆ. ಕೋಳಿಮೊಟ್ಟೆಗೆ ಕೊಡುವ ಕಾವೂ ಅದಕ್ಕೆ ವಿಪರೀತ.

ಒಂದು ಮೊಟ್ಟೆ ಮಶೀನಿನೊಳಗೇ ಒಡೆದು ನಾರಿತು. ಸೂಪರ್‌ವೈಸರ್ ಎಲ್ಲರೆದುರು ನಿನ್ನನ್ನು ಬೈದ. ಉಳಿದವನ್ನು ಅದೇ ಡಬ್ಬಿಯಲ್ಲಿ ವಾಪಸು ತಂದೆ. ನಾನು ಬೀದಿ ಬಾಗಿಲಲ್ಲಿ ನಿಂತಿದ್ದೆ. ಎದುರಂಗಡಿಯ ಸರದಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ನಿನ್ನನ್ನು ಕೊಲೆಗಾರ್ತಿ ಎಂದೆ. ನೀನು ಒಳಗೆ ಹೋಗಿ ಡಬ್ಬಿ ತೊಳೆದೆ. ಆಮೇಲೆ ಆ ಡಬ್ಬಿಯಲ್ಲಿ ನೀನು ಊಟ ಒಯ್ಯಲೇ ಇಲ್ಲ, ಕಾಗದದಲ್ಲಿ ಸುತ್ತಿಕೊಂಡು ಹೋಗತೊಡಗಿದೆ. ನಾನು ಅದನ್ನು ಗಮನಿಸಿದ್ದೆ.

ನಿನ್ನ ಹ್ಯಾಚರಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಇದನ್ನೂ ಹೇಳಿಬಿಡುತ್ತೇನೆ. ಮೊಟ್ಟೆಯಿಡುವುದಿಲ್ಲ ಎಂಬ ಒಂದೇ ಅಪರಾಧಕ್ಕೆ ಹುಂಜದ ಮರಿಗಳನ್ನು ಅಲ್ಲಿ ಏನು ಮಾಡುತ್ತಾರೆ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಅದರ ಮೇಲೆ ನಾವು ಮತ್ತೆ ಜಗಳವಾಡೋಣ. ಆದರೆ ಅದಕ್ಕೆ ನೀನು ಮನೆಯಲ್ಲಿರಬೇಕು.

ನನ್ನ ಓದನ್ನು ನೀನು "ಜೇಬಿನ ವಿದ್ಯೆ" ಅನ್ನುತ್ತೀಯ. ಇರಲಿ. ಒಗೆಯುವ ಮುಂಚೆ ಕೋಟುಗಳ ಜೇಬು ತಡಕುವುದು ಲಾಂಡ್ರಿಯಲ್ಲಿ ನನ್ನ ಕೆಲಸ. ಕೈಚೀಲ, ಬೀಗದ ಕೈ, ಚಿಲ್ಲರೆ ಎಲ್ಲವನ್ನೂ ಜನ ಬಂದು ಕೇಳಿ ಒಯ್ಯುತ್ತಾರೆ. ಕರಪತ್ರಗಳನ್ನು ಯಾರೂ ಕೇಳುವುದಿಲ್ಲ. ಕಾರ್ಮಿಕರ ಹಕ್ಕು, ನದಿಯ ನೀರು, ಬಾಡಿಗೆದಾರರ ಕಾನೂನು, ಪ್ರಾಣಿಗಳ ಬದುಕು, ನಾನು ತಿಳಿದದ್ದೆಲ್ಲ ಇಸ್ತ್ರಿಯ ಹಬೆಯಲ್ಲಿ ಒಣಗಿಸಿಕೊಂಡ ಆ ಕಾಗದಗಳಿಂದ. ಕೆಲವು ಜೇಬುಗಳು ನನ್ನ ಕಣ್ಣು ತಪ್ಪಿಸಿ ನೀರಿಗೆ ಹೋಗಿಬಿಡುತ್ತವೆ. ಆಗ ಅರ್ಧ ಪುಟವೇ ಕೈಗೆ ಬರುತ್ತದೆ, ಉಳಿದರ್ಧವನ್ನು ನಾನೇ ಯೋಚಿಸಿ ತುಂಬಿಕೊಳ್ಳುತ್ತೇನೆ. ನೆಲದಲ್ಲಿ ಮೊಟ್ಟೆಯಿಡುವ ಜೀವಿಗಳ ಕರಪತ್ರವೂ ಹಾಗೆ ಅರ್ಧ ತೊಳೆದುಹೋಗಿ ಸಿಕ್ಕಿದ್ದು. ತಿರುಗಿಸಿದರೆ ಸಾಯುತ್ತದೆ ಎಂಬುದನ್ನು ಅದರಲ್ಲೇ ಓದಿದೆ. ಅದರ ಕೆಳಗೆ ದಪ್ಪಕ್ಷರದಲ್ಲಿ ಇತ್ತು: ಮುಟ್ಟಬೇಡಿ, ಸರಿಸಬೇಡಿ, ಸಹಾಯ ಮಾಡಬೇಡಿ. ಅದರ ಮುಂದಿನದು ಏನಿತ್ತೋ, ನೀರುಪಾಲು.

ಈಗ ಈ ವರ್ಷದ್ದು. ಬಲಪಕ್ಕದ ಮನೆಯವರು ತಮ್ಮ ಎತ್ತರದ ತಗಡಿನ ಶೆಡ್ ಕೆಡವಿದರಲ್ಲ, ಅದಾದ ಮೇಲೆ ನಮ್ಮ ಎಡಗಡೆಯ ಇಟ್ಟಿಗೆ ಗೋಡೆಯ ಮೇಲೆ ದಿನವಿಡೀ ಬಿಸಿಲು ಬೀಳತೊಡಗಿತು. ನಾನು ಅದಕ್ಕೆ ಬಿಸಿಲುಗೋಡೆ ಎಂದು ಹೆಸರಿಟ್ಟಿದ್ದೇನೆ. ನಾವಿಬ್ಬರೂ ಗಮನಿಸುವ ಮುಂಚೆ ಅದನ್ನು ಹೆಂಚಮ್ಮ ಗಮನಿಸಿದ್ದಳು. ಇಷ್ಟು ವರ್ಷ ನಲ್ಲಿಯ ಹತ್ತಿರ ಅಗೆಯುತ್ತಿದ್ದವಳು ಈ ಸಲ ಆ ಕಡೆ ತಿರುಗಿಯೂ ನೋಡಲಿಲ್ಲ. ನೇರ ಗೋಡೆಯ ಬುಡಕ್ಕೆ ಹೋದಳು, ಮಣ್ಣಿಗೆ ಮೂಗು ತಾಗಿಸಿದಳು, ತಿರುಗಿ ನಿಂತು ಹಿಂಗಾಲಿನಿಂದ ಅಗೆಯಲು ಶುರುಮಾಡಿದಳು.

ಆಗ ನೀನು ಅಲ್ಲೇ ಇದ್ದೆ. ತಂತಿಯ ಮೇಲೆ ಹಾಸಿಗೆ ಬಟ್ಟೆ ಹರವುತ್ತಿದ್ದೆ, ಬೆನ್ನು ಈ ಕಡೆಗಿತ್ತು. ನಾನು ಬಕೆಟ್ ಹಿಡಿದು ಬಂದವಳು ನೋಡಿಬಿಟ್ಟೆ. ಒಂದು ಕಾಲಿನಿಂದ ಒಂದು ಹಿಡಿ ಮಣ್ಣು ಎತ್ತಿ ಪಕ್ಕಕ್ಕಿಡುತ್ತಾಳೆ, ಆಮೇಲೆ ಇನ್ನೊಂದು ಕಾಲಿನ ಸರದಿ. ಹಿಂದೆ ಏನಾಗುತ್ತಿದೆ ಎಂದು ಒಮ್ಮೆಯೂ ತಿರುಗಿ ನೋಡುವುದಿಲ್ಲ, ಕಾಲುಗಳಿಗೇ ಕಣ್ಣಿದ್ದ ಹಾಗೆ. ಗಟ್ಟಿ ಮಣ್ಣು ಸಿಕ್ಕಾಗ ತನ್ನದೇ ನೀರು ಬಿಟ್ಟು ಮೆತ್ತಗೆ ಮಾಡಿಕೊಂಡಳು. ನಾನು ನಿನಗೂ ಅವಳಿಗೂ ನಡುವೆ ಬಂದು ನಿಂತೆ. "ಏನೇ ಅಲ್ಲಿ ಕಂಬದ ಹಾಗೆ ನಿಂತಿದ್ದೀಯ, ಹಿಂಡೋಕೆ ಬಾ" ಎಂದೆ ನೀನು. "ಬಂದೆ" ಅಂದೆ, ಬರಲಿಲ್ಲ. ಮೊಟ್ಟೆಗಳು ಒಂದೊಂದೇ ಬಿದ್ದವು. ಬೀಳುವ ಮುಂಚೆ ಪ್ರತಿಯೊಂದನ್ನೂ ಹಿಂಗಾಲಿನ ಮೇಲೆ ತಡೆದುಕೊಂಡು ಮೆಲ್ಲಗೆ ಇಳಿಸಿದಳು. ಎಷ್ಟೆಂದು ಎಣಿಸಲಾಗಲಿಲ್ಲ, ಅವಳ ಚಿಪ್ಪು ಅಡ್ಡ ಬಂತು. ಮಣ್ಣು ಮುಚ್ಚಿದಳು. ಮೈಯನ್ನೇ ಎತ್ತಿ ಎತ್ತಿ ಕುಕ್ಕಿ ನೆಲ ಗಟ್ಟಿ ಮಾಡಿದಳು. ಆಮೇಲೆ ಏನೂ ಆಗಿಲ್ಲವೆಂಬಂತೆ ಸೊಪ್ಪು ತಿನ್ನಲು ಹೋದಳು. ಗುದ್ದಪ್ಪ ಬಂದು ನನ್ನ ಬಕೆಟ್ಟಿಗೆ ಗುದ್ದಿದ.

ನಿನಗೆ ಹೇಳಲಿಲ್ಲ. ಹೇಳಿದರೆ ನಿನ್ನ ಕೈ ಸುಮ್ಮನಿರುವುದಿಲ್ಲ ಎಂದು ಹೆದರಿದೆ. ಹೆದರಿದೆ ಎಂಬುದೂ ಮೆತ್ತಗಿನ ಮಾತು, ನಿನ್ನನ್ನು ನಂಬಲಿಲ್ಲ. ಬೇಸಿಗೆಯಿಡೀ ಒಂದೇ ಮೇಜಿನಲ್ಲಿ ಕೂತು ಉಂಡೆವು, ನೀನು "ಹೆಂಚಮ್ಮ ಈ ಸಲ ಮೊಟ್ಟೇನೇ ಇಟ್ಟಿಲ್ಲ ನೋಡು, ಅವಳಿಗೂ ನಮ್ಮ ಮೇಲೆ ಸಿಟ್ಟು" ಎಂದೆ. ನಾನು ತಟ್ಟೆ ನೋಡುತ್ತಾ "ಇರಬಹುದು" ಎಂದೆ.

ಬೇಸಿಗೆ ಎಂದು ಕರೆದರೆ ಬೇಸಿಗೆ. ಮೋಡ, ಗಾಳಿ, ಮಧ್ಯೆ ಮಧ್ಯೆ ಸಾಲ ಕೊಟ್ಟ ಹಾಗೆ ಒಂದಿಷ್ಟು ಬಿಸಿಲು. ಒಂದು ಸಂಜೆ ಎಷ್ಟು ಚಳಿಯಿತ್ತೆಂದರೆ ಇಸ್ತ್ರಿಪೆಟ್ಟಿಗೆ ಬಿಟ್ಟ ಕೈ ಮನೆ ಸೇರುವಷ್ಟರಲ್ಲಿ ಮರಗಟ್ಟಿತ್ತು. ಬಚ್ಚಲ ಹಿಂದಿರುವ ಹಳೇ ಕಿಟಕಿಯ ಗಾಜಿನ ಚೌಕಟ್ಟನ್ನು ಎತ್ತಿಕೊಂಡು ಗೋಡೆಯ ಹತ್ತಿರ ಹೋದೆ. ಅದನ್ನು ಮೇಲೆ ಮುಚ್ಚಿದರೆ ಒಳಗೆ ಬೆಚ್ಚಗಿರುತ್ತದೆ, ಅಷ್ಟೇ ಕೆಲಸ. ಮುಚ್ಚಲಿಲ್ಲ. ಇವತ್ತು ಗಾಜು ಮುಚ್ಚುತ್ತೇನೆ, ನಾಳೆ ದೀಪ ಇಡುತ್ತೇನೆ, ನಾಡಿದ್ದು ಅಗೆದು ನೋಡುತ್ತೇನೆ; ಆಮೇಲೆ ನಿನ್ನ ಡಬ್ಬಿಗೂ ನನ್ನ ಗಾಜಿಗೂ ಏನು ವ್ಯತ್ಯಾಸ ಎಂದು ನನ್ನನ್ನೇ ಕೇಳಿಕೊಂಡೆ. ನೆಲದಲ್ಲಿ ಇಟ್ಟದ್ದು ನೆಲದ್ದು. ಚೌಕಟ್ಟನ್ನು ಇದ್ದಲ್ಲೇ ಇಟ್ಟು ಬಂದೆ. ಅವು ಸತ್ತರೆ ಸಾಯಿಸಿದವಳು ಈ ಸಲ ನಾನು ಎಂದು ಗೊತ್ತಿದ್ದೇ ಹಾಸಿಗೆಗೆ ಹೋದೆ. ಸಿದ್ಧಾಂತ ಹೊದ್ದು ಮಲಗಿದರೆ ಬೆಚ್ಚಗಾಗುವುದಿಲ್ಲ ಅಮ್ಮಾ.

ಆ ದಿನದಿಂದ ಪ್ರತಿ ಸಂಜೆ ಕೆಲಸ ಬಿಟ್ಟು ಬಂದವಳು ಮೊದಲು ಗೋಡೆಗೆ ಅಂಗೈ ಒತ್ತುತ್ತಿದ್ದೆ. ಗಾಳಿ ತಣ್ಣಗಿದ್ದರೂ ಇಟ್ಟಿಗೆ ಬೆಚ್ಚಗಿರುತ್ತಿತ್ತು. ಹಗಲು ಕುಡಿದ ಬಿಸಿಲನ್ನು ಬಿಟ್ಟೂ ಬಿಡದ ಹಾಗೆ ಹಿಡಿದುಕೊಂಡಿರುತ್ತಿತ್ತು. ಬುಡದ ಮಣ್ಣೂ ಹಾಗೆಯೇ. ನೀನು ಒಮ್ಮೆ ನೋಡಿ, "ಗೋಡೆ ಹತ್ರ ಏನೇ ಮಾತು, ನನ್ನ ಹತ್ರ ಇಲ್ಲದ್ದು?" ಎಂದು ಕೇಳಿದ್ದೆ. ನೆನಪಿದೆಯಾ? ನಗುತ್ತಾ ಕೇಳಿದ್ದೆ. ನಾನು ನಗಲಿಲ್ಲ.

ಆಮೇಲೆ ನೀನು ಬಟ್ಟೆ ಹರವಲು ಹೋಗಿ ಕೆಸರಿನಲ್ಲಿ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. "ಈ ಕೆಸರಿಗೆ ಒಂದು ಗತಿ ಕಾಣಿಸ್ತೀನಿ, ಸಿಮೆಂಟ್ ಹಾಕಿಸಿಬಿಡ್ತೀನಿ" ಎಂದು ನೀನು ನೋವಿನಲ್ಲಿ ಅಂದಾಗ ನಾನು "ಮಣ್ಣನ್ನ ಯಾಕೆ ಬೈತೀಯ, ನಿನ್ನ ಚಪ್ಪಲಿ ಸವೆದಿರೋದು ನೋಡು" ಎಂದೆ. ಮೊಟ್ಟೆಯ ವಿಷಯ ಹೇಳಲು ಅದಕ್ಕಿಂತ ಸರಿಯಾದ ಹೊತ್ತು ಇನ್ನೊಂದಿರಲಿಲ್ಲ. ನಾನು ಚಪ್ಪಲಿಯ ವಿಷಯ ಹೇಳಿದೆ. "ನೀನು, ನಿನ್ನ ಆಮೆ, ನಿನ್ನ ಮಣ್ಣು, ಎಲ್ಲರೂ ಸುಖವಾಗಿರಿ" ಎಂದು ಒಂದೇ ಕೈಯಲ್ಲಿ ಚೀಲ ತುಂಬಿಕೊಂಡು ದೊಡ್ಡಮ್ಮನ ಮನೆಗೆ ಹೊರಟೆ. ಚೀಲದ ಜಿಪ್ ಹಾಕಲು ಬರಲಿಲ್ಲ ನಿನಗೆ. ನಾನು ಹಾಕಿಕೊಡಲಿಲ್ಲ.

ಮೇಸ್ತ್ರಿಗೆ ಹೇಳಿಯೇ ಹೋಗಿದ್ದೀಯ ಎಂದು ಗೊತ್ತಾದದ್ದು ಈ ಬುಧವಾರ, ಅವನು ಇಬ್ಬರು ಆಳುಗಳ ಜೊತೆ ಬಂದು ಜಲ್ಲಿ, ಮರಳು, ಸಿಮೆಂಟಿನ ಮೂಟೆ ಇಳಿಸಿದಾಗ. ತಳ್ಳುಗಾಡಿಯ ಚಕ್ರ ಮೊಟ್ಟೆಗಳ ಗೂಡಿನಿಂದ ಅಂಗೈ ಅಗಲದಷ್ಟು ದೂರದಲ್ಲಿ ಹಾದುಹೋಯಿತು. ನನ್ನ ಕೂಗಿಗೆ ಆಳು ಹೆದರಿ ಗಾಡಿ ಬಿಟ್ಟುಬಿಟ್ಟ, ಜಲ್ಲಿಯೆಲ್ಲ ಚೆಲ್ಲಿತು. ಇನ್ನೊಬ್ಬ ನೆಲ ಕುಟ್ಟುವ ದಮ್ಮಸು ಹಿಡಿದು ಗೋಡೆಯ ಬುಡದಿಂದಲೇ ಶುರುಮಾಡಲು ಬಂದ. ಕಾಂಕ್ರೀಟು ಹಾಕುವ ಮುಂಚೆ ಮಣ್ಣು ಕಲ್ಲಾಗುವಷ್ಟು ಕುಟ್ಟಬೇಕಂತೆ.

"ಅಣ್ಣಾ, ಇಲ್ಲಿ ಬೇಡ. ಒಳಗೆ ಮೊಟ್ಟೆ ಇದಾವೆ" ಎಂದೆ.

"ಕೋಳಿ ಎಲ್ಲಮ್ಮಾ?" ಎಂದ ಮೇಸ್ತ್ರಿ.

"ಕೋಳಿ ಅಲ್ಲ, ಆಮೆದು."

"ಆಮೆದಾ! ಈ ಚಳೀಲಿ ನನ್ನ ಸಿಮೆಂಟೇ ಸೆಟ್ ಆಗೋಕೆ ಒದ್ದಾಡುತ್ತೆ, ಆಮೆ ಮರಿ ಮಾಡುತ್ತಂತಾ?" ಎಂದು ಆಳುಗಳ ಕಡೆ ನೋಡಿ ನಕ್ಕ. ಆಮೇಲೆ, "ನಿಮ್ಮಮ್ಮ ಮೊದಲೇ ಹೇಳಿದಾರೆ. ಮಗಳು ಬಂದು ಭಾಷಣ ಮಾಡ್ತಾಳೆ, ಟೀ ಕೊಟ್ರೆ ಕುಡೀರಿ, ಮಾತು ಮಾತ್ರ ಕೇಳಬೇಡಿ ಅಂತ" ಎಂದ.

ನಾನು ಟೀ ಕೊಡಲಿಲ್ಲ. ಗೂಡಿನ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಮಲಗಿಬಿಟ್ಟೆ. ಈ ಹಿತ್ತಲು ಯಾರದು, ಸಹಿ ಹಾಕಿದವರದೋ ಬದುಕುವವರದೋ ಎಂದು ಮಲಗಿಕೊಂಡೇ ಕೇಳಿದೆ. ಮೇಸ್ತ್ರಿ ಸಿಮೆಂಟಿನ ಮೂಟೆಯ ಮೇಲೆ ಕೂತು, "ಸರಿ, ಮಲಕ್ಕೋ. ನಿನ್ನ ಸುತ್ತ ಹಾಕಿ ಹೋಗ್ತೀನಿ. ಆಮೇಲೆ ನಿಮ್ಮಮ್ಮ ಬಂದು, ಇದೇನ್ರೀ ನನ್ನ ಹಿತ್ತಲಲ್ಲಿ ನನ್ನ ಮಗಳ ಅಚ್ಚು ಅಂತ ಕೇಳಲಿ" ಎಂದ. ಆಳುಗಳು ಹೊಟ್ಟೆ ಹಿಡಿದು ನಕ್ಕರು. ಅಮ್ಮಾ, ಕರಪತ್ರಗಳಲ್ಲಿ ಹೀಗೆ ಮಲಗಿದವರನ್ನು ನೋಡಿ ಯಾರೂ ನಗುವುದಿಲ್ಲ.

ಮಲಗಿದ್ದಲ್ಲಿಂದಲೇ ಕಂಡಿತು. ಮೇಸ್ತ್ರಿ ಹಿತ್ತಲಿಗೆಲ್ಲ ಸುಣ್ಣದ ಪುಡಿಯಿಂದ ಗೆರೆ ಹಾಕಿದ್ದ; ನಲ್ಲಿಯ ಹತ್ತಿರದ ಮೂಲೆಯನ್ನು ಮಾತ್ರ ಗೆರೆಯಿಂದ ಹೊರಗೆ ಬಿಟ್ಟಿದ್ದ. ಅದೇನು ಎಂದು ಕೇಳಿದೆ.

"ಅದು ಬಿಡಬೇಕಂತೆ, ಆಮೆಗೆ. ನಿಮ್ಮಮ್ಮ ಹೇಳಿದ್ದೇ ಹೇಳಿದ್ದು. ಮುರಿದ ಕೈ ಎದೆಗೆ ಕಟ್ಟಿಕೊಂಡು, ಇನ್ನೊಂದು ಕೈಯಲ್ಲಿ ಕಡ್ಡಿ ಹಿಡಿದು ಗೆರೆ ಎಳೆದು ತೋರಿಸಿದ್ರು. ನಮ್ಮ ಮನೆಯವರು ತಂದಿದ್ದು, ಅದಕ್ಕೆ ಮಣ್ಣು ಬೇಕು, ಬರೀ ಸಿಮೆಂಟಾದ್ರೆ ಪಾಪ ಕಾಲು ಎಲ್ಲಿ ಊರುತ್ತೆ ಅಂದ್ರು."

ನನಗೆ ಎದ್ದು ಕೂರಬೇಕಾಯಿತು. ನಿನ್ನ ವಿರುದ್ಧ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಭಾಷಣದ ಅರ್ಧ ಅಲ್ಲೇ ಉದುರಿಹೋಯಿತು. ಹೋದ ವರ್ಷ ಆ ಡಬ್ಬಿಯಲ್ಲಿ ಹತ್ತಿ ಹಾಸಿದ್ದು ಯಾರಿಗಾಗಿ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಅಪ್ಪ ಬಗ್ಗಿ ಬಗ್ಗಿ ನೋಡಿ ಬರಿಗೈಯಲ್ಲಿ ಎದ್ದದ್ದನ್ನು ನೀನು ಅಡುಗೆಮನೆಯ ಕಿಟಕಿಯಿಂದ ನೋಡಿದ್ದೆ, ಅಲ್ಲವೇ? ನಿನ್ನ ಕಸುಬಿನಲ್ಲಿ ಮೊಟ್ಟೆಯನ್ನು ಮರಿ ಮಾಡುವ ದಾರಿ ಒಂದೇ, ಆ ದಾರಿಯಲ್ಲೇ ಒಯ್ದೆ.

ಭಾಷಣದ ಉಳಿದರ್ಧ ಇನ್ನೂ ಗಟ್ಟಿಯಾಗಿದೆ. ನೀನು ಬಿಟ್ಟದ್ದು ತಪ್ಪು ಮೂಲೆ. ಅಲ್ಲಿ ಹೆಂಚಮ್ಮ ಮಲಗುತ್ತಾಳೆ, ಅಷ್ಟೇ. ಅಲ್ಲಿ ನೆರಳು, ತೇವ. ಇಷ್ಟು ವರ್ಷ ಮೊಟ್ಟೆ ಹಾಳಾದದ್ದೂ ಅಲ್ಲೇ. ಅವಳಿಗೆ ಬೇಕಾದದ್ದು ಬಿಸಿಲುಗೋಡೆಯ ಬುಡ, ಅದು ಗೆರೆಯ ಒಳಗೆ ಸಿಕ್ಕಿಕೊಂಡಿದೆ. ಗೆರೆ ಸರಿಸು ಎಂದು ಮೇಸ್ತ್ರಿಗೆ ಎಷ್ಟು ಹೇಳಿದರೂ ಕೇಳಲಿಲ್ಲ. ಕೆಲಸ ಹೇಳಿದವರು ಬಂದು ನಿಂತು ತೋರಿಸದೆ ಅವನು ಗೆರೆ ಸರಿಸುವುದಿಲ್ಲವಂತೆ. ಹಿಂದೊಮ್ಮೆ ಒಬ್ಬ ಮಗನ ಮಾತು ಕೇಳಿ ಬಾಗಿಲನ್ನು ಪಕ್ಕಕ್ಕೆ ಇಟ್ಟು, ಅಪ್ಪನಿಂದ ಬೈಸಿಕೊಂಡು, ಗೋಡೆ ಒಡೆದು ಮತ್ತೆ ಕಟ್ಟಿದ್ದಾನಂತೆ. ಅವನೆದುರೇ ದೊಡ್ಡಮ್ಮನಿಗೆ ಫೋನ್ ಮಾಡಿ ಅವನ ಕೈಗೆ ಕೊಟ್ಟೆ. "ಅವಳು ಮಲಗಿದಾಳೆ. ಯಾರನ್ನೋ ಕರೆದು ಗಂಡು ದನೀಲಿ ಮಾತಾಡಿಸಿದ್ರೆ ನಾನು ನಂಬ್ತೀನಾ?" ಎಂದು ದೊಡ್ಡಮ್ಮ ಅವನನ್ನೂ ಬೈದು ಇಟ್ಟಳು. ಮೇಸ್ತ್ರಿ ಫೋನನ್ನೇ ನೋಡುತ್ತಾ, "ನಿಮ್ಮ ಮನೇಲಿ ಎಲ್ಲ ಹೆಂಗಸರೂ ಹೀಗೇನಾ?" ಎಂದ. ಬೇರೆ ಕೆಲಸ ಇದೆ, ಸೋಮವಾರ ಬೆಳಿಗ್ಗೆ ಬಂದೇ ಬರುತ್ತೇನೆ, ಆಗ ನೀನು ಮಲಗಿದ್ದರೆ ಎತ್ತಿ ಪಕ್ಕಕ್ಕೆ ಇಡಿಸುತ್ತೇನೆ ಎಂದು ಹೇಳಿ ಹೋದ. ಅವನು ಕೆಟ್ಟವನಲ್ಲ. ಹೋಗುವಾಗ ಗೂಡಿನ ಹತ್ತಿರ ಚೆಲ್ಲಿದ್ದ ಜಲ್ಲಿಯನ್ನು ಅವನೇ ಕೈಯಿಂದ ಹೆಕ್ಕಿದ. ಆದರೆ ಕೆಟ್ಟವನಲ್ಲದವನ ದಮ್ಮಸೂ ಅಷ್ಟೇ ಭಾರ.

ನಾನೇ ಅಗೆದು ತೆಗೆದು ಬೇರೆ ಕಡೆ ಇಡಬಹುದಲ್ಲ ಎಂದು ನೀನು ಕೇಳಬಹುದು. ಈಗ ಅದೂ ಆಗುವುದಿಲ್ಲ. ನಿನ್ನೆ ಮಳೆ ಬಂತು. ಮಳೆ ನಿಂತ ಮೇಲೆ ನೋಡಿದರೆ ಗೂಡಿನ ಮೇಲಿನ ಮಣ್ಣು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಇವತ್ತು ಬೆಳಿಗ್ಗೆ ಆ ಬಿರುಕು ಅಗಲವಾಗಿದೆ. ಮಣ್ಣಿನ ಒಂದು ಹೆಂಟೆ ಮೇಲೆದ್ದು ಮತ್ತೆ ಕೂತದ್ದನ್ನು ಕಣ್ಣಾರೆ ಕಂಡೆ. ಗಾಳಿಯಲ್ಲ. ಎರೆಹುಳುವಲ್ಲ. ಕೆಳಗಿನಿಂದ ಯಾರೋ ತಳ್ಳಿದರು. ಈಗ ಗುದ್ದಲಿ ಹಾಕಿದರೆ ಯಾವುದರ ತಲೆ ಎಲ್ಲಿದೆಯೋ ಗೊತ್ತಿಲ್ಲ. ಹಾಗೇ ಬಿಟ್ಟರೆ ಎಲ್ಲವೂ ಸೋಮವಾರದೊಳಗೆ ಮೇಲೆ ಬರುತ್ತವೆಂದೂ ಇಲ್ಲ. ಒಂದು ಇಂದು ಬರಬಹುದು, ಇನ್ನೊಂದು ಒಳಗೇ ಕೂತು ಮುಂದಿನ ಮಳೆಗೆ ಕಾಯಬಹುದು. ಗೆರೆ ಸರಿಯಬೇಕು, ಬೇರೆ ದಾರಿಯಿಲ್ಲ. ಬೆಳಿಗ್ಗೆಯಿಂದ ಕೆಲಸಕ್ಕೂ ಹೋಗದೆ ಈ ಮೆಟ್ಟಿಲ ಮೇಲೆ ಕೂತಿದ್ದೇನೆ. ಲಾಂಡ್ರಿಯ ಯಜಮಾನರು ಹೇಳಿಕಳಿಸಿದರು, ಜ್ವರ ಎಂದೆ. ಇಷ್ಟಾದರೂ ಆ ಮಣ್ಣಿಗೆ ನಾನು ಬೆರಳೂ ಸೋಕಿಸಿಲ್ಲ. ಇದನ್ನು ನೀನು ನಂಬಬೇಕು. ನಾನು ಬರೆದ ಹಾಗೆ ಬದುಕುವವಳು.

ಈ ಊರಿನ ಬರೀ ಬೆಳಕಿನಲ್ಲಿ, ಮಶೀನಿಲ್ಲದೆ, ದೀಪವಿಲ್ಲದೆ, ಅಪ್ಪ ಆಗುವುದಿಲ್ಲ ಎಂದದ್ದು ಆಗುತ್ತಿದೆ ಅಮ್ಮಾ. ಬಂದು ಎಡಗೈಯಲ್ಲಾದರೂ ಕಡ್ಡಿ ಹಿಡಿದು ಒಂದು ಗೆರೆ ಎಳೆ. ನಾಲ್ಕು ಮೊಳ ಜಾಗ. ಉಳಿದದ್ದಕ್ಕೆಲ್ಲ ಸಿಮೆಂಟು ಹಾಕಿಸು, ನಾನೇ ನೀರು ಹೊತ್ತು ಹಾಕುತ್ತೇನೆ. ಮಣ್ಣಿನ ಪರವಾಗಿ ನಾನು ಮಾಡಿಕೊಳ್ಳುವ ರಾಜಿ ಇದೊಂದೇ. ನೀನು ಇನ್ನೊಮ್ಮೆ ಜಾರಿ ಬೀಳುವುದು ನನಗೂ ಬೇಕಿಲ್ಲ.

ಸಿಟ್ಟು ಇನ್ನೂ ಪೂರ್ತಿ ಇಳಿಯದ,
ನಿನ್ನ ಮಗಳು

ಮರೆತದ್ದಲ್ಲ, ಮೇಲೆ ಬರೆಯದೆ ಬಿಟ್ಟದ್ದೂ ಅಲ್ಲ. ಆಮೇಲೆ ಆದದ್ದು: ಲಕೋಟೆ ಅಂಟಿಸಿ ಆಗಿತ್ತು. ಕೆಟಲ್ಲಿನ ಹಬೆ ಹಿಡಿದು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಬೆರಳೂ ಸೋಕಿಸಿಲ್ಲ ಎಂದು ಮೇಲೆ ಬರೆದದ್ದು ಈಗ ಸುಳ್ಳಾಗಿದೆ.

ಮಧ್ಯಾಹ್ನ ಹೆಂಟೆ ಪೂರ್ತಿ ಮಗುಚಿತು. ಮೊದಲು ಒಂದು ಮೂಗು, ಅದರ ತುದಿಯಲ್ಲಿ ಚಿಪ್ಪು ಒಡೆಯುವ ಬಿಳಿ ಮೊನೆ. ಆಮೇಲೆ ಒಂದು ಮುಂಗಾಲು. ಕೋಟಿನ ದೊಡ್ಡ ಗುಂಡಿಯಷ್ಟಿದೆ, ಬೆನ್ನಿನ ಮೇಲೆ ಹೆಂಚುಗಳು ಆಗಲೇ ಜೋಡಿಸಿಕೊಂಡಿವೆ. ಅರ್ಧ ಹೊರಗೆ ಬಂದಿತ್ತು, ಅಷ್ಟರಲ್ಲಿ ಮೋಡ ಕವಿದು ಗಾಳಿ ಬೀಸಿತು, ಗುಳಿಯ ಅಂಚಿನ ಒದ್ದೆ ಮಣ್ಣು ಅದರ ಮೇಲೆ ಕುಸಿಯಿತು. ಕಾಲಾಡಿಸುವುದು ನಿಂತಿತು. ಕಣ್ಣು ಮುಚ್ಚಿತು. ಸಹಾಯ ಮಾಡಬೇಡಿ ಎಂಬ ದಪ್ಪಕ್ಷರವನ್ನು ನಾನು ಬಾಯಿಬಿಟ್ಟೇ ಹೇಳಿಕೊಂಡೆ. ಹೇಳಿಕೊಳ್ಳುತ್ತಿರುವಾಗಲೇ ನನ್ನ ಕೈ ಮಣ್ಣಿನೊಳಗಿತ್ತು.

ಎತ್ತಿ ಎರಡೂ ಅಂಗೈ ಬೊಗಸೆ ಮಾಡಿ ಮುಚ್ಚಿಕೊಂಡೆ. ಬಾಯಿಗೆ ಹತ್ತಿರ ತಂದು ಬಿಸಿಯುಸಿರು ಬಿಟ್ಟೆ. ಹಾಗೆ ಮಾಡಲು ಯಾವ ಕರಪತ್ರವೂ ನನಗೆ ಹೇಳಿಕೊಟ್ಟಿಲ್ಲ. ಚಿಕ್ಕವಳಿದ್ದಾಗ ನನ್ನನ್ನು ಹ್ಯಾಚರಿಗೆ ಕರೆದೊಯ್ದರೆ, ತಡವಾಗಿ ಚಿಪ್ಪೊಡೆದು ಸೋತು ಬಿದ್ದ ಮರಿಗಳನ್ನು ನೀನು ಹೀಗೇ ಹಿಡಿದು ಊದುತ್ತಿದ್ದೆ. ಯಾವುದು ಹೇಟೆ, ಯಾವುದು ಹುಂಜ ಎಂದು ನೋಡುತ್ತಲೂ ಇರಲಿಲ್ಲ. ಅದು ನನ್ನ ಕೈಗೆ ಯಾವಾಗ ಬಂತೋ ಗೊತ್ತಿಲ್ಲ. ಎಷ್ಟೋ ಹೊತ್ತಿನ ಮೇಲೆ ಅಂಗೈಯೊಳಗೆ ಉಗುರು ಕೆರೆದ ಹಾಗಾಯಿತು. ತೆರೆದು ನೋಡಿದರೆ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು.

ಈಗ ಅದು ನಿನ್ನ ಊಟದ ಡಬ್ಬಿಯಲ್ಲಿದೆ. ಹತ್ತಿ ಹಾಸಿದ್ದೇನೆ, ಮುಚ್ಚಳ ಹಾಕಿಲ್ಲ. ಒಲೆಯ ಹತ್ತಿರ ಇಡಬೇಕೋ ದೂರವೋ, ನೀರು ಕೊಡಬೇಕೋ ಬೇಡವೋ, ನನಗೆ ತಿಳಿಯುತ್ತಿಲ್ಲ. ನಿನಗೂ ತಿಳಿಯದಿರಬಹುದು. ಇಬ್ಬರೂ ಸೇರಿ ಯೋಚಿಸೋಣ. ಉಳಿದವು ಇನ್ನೂ ಒಳಗಿವೆ; ನೆಲಕ್ಕೆ ಕಿವಿಯಿಟ್ಟರೆ ಕಾಗದ ಕೆರೆದಂಥ ಸದ್ದು ಬರುತ್ತದೆ. ಹಳೇ ಕಿಟಕಿಯ ಗಾಜನ್ನು ತಂದು ಗುಳಿಯ ಮೇಲೆ ಮುಚ್ಚಿದ್ದೇನೆ.

ಕೊಲೆಗಾರ್ತಿ ಎಂಬ ಆ ಮಾತನ್ನು ನಾನು ನಿನಗೆ ಬೀದಿಯಲ್ಲಿ ನಿಂತು ಅಂದಿದ್ದೆ. ವಾಪಸು ತೆಗೆದುಕೊಳ್ಳುವುದನ್ನು ಅಡುಗೆಮನೆಯಲ್ಲಿ ಪಿಸುಗುಟ್ಟಿ ಮುಗಿಸಿದರೆ ನ್ಯಾಯವಾಗುವುದಿಲ್ಲ. ಅದೂ ಅಷ್ಟೇ ಗಟ್ಟಿಯಾಗಿ, ಜನ ತಿರುಗಿ ನೋಡುವ ಹಾಗೆ ಆಗಬೇಕು. ಚೀಲದ ಜಿಪ್ ಹಾಕಲು ಕಷ್ಟಪಡಬೇಡ, ತೆರೆದೇ ತಾ. ಭಾನುವಾರ ಸಂಜೆ ನಾಲ್ಕು ಗಂಟೆಗೆ, ಬಸ್ ನಿಲ್ದಾಣದ ಗಡಿಯಾರದ ಕೆಳಗೆ ನಿಂತಿರುತ್ತೇನೆ.